ಕಡಿಮೆ ಖರ್ಚಿನಲ್ಲಿ ಕಡಲಂಚಿನ ರಸ್ತೆ ಪ್ರವಾಸ: ಹೊರಡುವ ಮುನ್ನ ಹಾಕಬೇಕಾದ ಲೆಕ್ಕ

ಕಡಲ ಪಕ್ಕದ ರಸ್ತೆ ಹಿಡಿದು ನಾಲ್ಕಾರು ದಿನ ಸುತ್ತಬೇಕೆಂಬ ಆಸೆ ಹಲವರಿಗಿರುತ್ತದೆ. ಖರ್ಚಿನ ಲೆಕ್ಕ ಹಾಕಿದೊಡನೆ ಅದು ಮುಂದಿನ ವರ್ಷಕ್ಕೆ ಹೋಗಿಬಿಡುತ್ತದೆ. ಆದರೆ ಆ ಖರ್ಚು ಎಲ್ಲಿಂದ ಬರುತ್ತದೆ ಎಂದು ಬಿಡಿಸಿ ನೋಡಿದರೆ ಅದರಲ್ಲಿ ಕಡಲಿನ ಪಾಲು ಇಲ್ಲವೆನ್ನುವಷ್ಟು ಕಡಿಮೆ. ಅಲೆ, ಬಂಡೆ, ಮರಳು, ಸೂರ್ಯಾಸ್ತಗಳನ್ನು ನೋಡಲು ಹೆಚ್ಚಿನ ಕಡೆ ಯಾರೂ ಹಣ ಕೇಳುವುದಿಲ್ಲ. ಹಣ ಹೋಗುವುದು ಇಂಧನಕ್ಕೆ, ರಾತ್ರಿ ತಂಗುವುದಕ್ಕೆ, ಹಸಿವು ತಾಳಲಾರದೆ ಸಿಕ್ಕಿದ ಕಡೆ ಮಾಡುವ ಊಟಕ್ಕೆ. ಈ ಮೂರನ್ನೂ ಏರಿಸುವ ಕಾರಣ ಒಂದೇ: ಇರುವ ದಿನಗಳಿಗೆ ಹೊಂದದಷ್ಟು ದೂರದ ದಾರಿಯನ್ನು ಆರಿಸಿಕೊಳ್ಳುವುದು. ಆದ್ದರಿಂದ ಈ ಬರಹದಲ್ಲಿ ನಾನು ಮತ್ತೆ ಮತ್ತೆ ಹೇಳುವುದು ಒಂದೇ ಮಾತು: ದಿನಗಳನ್ನು ಕಡಿಮೆ ಮಾಡಬೇಡಿ, ಕಿಲೋಮೀಟರುಗಳನ್ನು ಕಡಿಮೆ ಮಾಡಿ.

ದಾರಿಯ ಉದ್ದ

ಐರ್ಲೆಂಡಿನ ಪಶ್ಚಿಮ ಕರಾವಳಿಯುದ್ದಕ್ಕೂ ಸಾಗುವ ‘ವೈಲ್ಡ್ ಅಟ್ಲಾಂಟಿಕ್ ವೇ’ ಎಂಬ ಪ್ರವಾಸಿ ಮಾರ್ಗವನ್ನು 2014ರಲ್ಲಿ ಗುರುತಿಸಿ ಪ್ರಚಾರಕ್ಕೆ ತರಲಾಯಿತು. ಅದರ ಉದ್ದ ಸುಮಾರು 2,500 ಕಿಲೋಮೀಟರ್. ಹತ್ತು ದಿನ ರಜೆ ಇರುವವರು ಅದನ್ನು ಪೂರ್ತಿ ಮುಗಿಸಲು ಹೊರಟರೆ ದಿನಕ್ಕೆ 250 ಕಿಲೋಮೀಟರ್ ಓಡಿಸಬೇಕು. ಹೆದ್ದಾರಿಯಲ್ಲಾದರೆ ಇದು ಮೂರು ಗಂಟೆಯ ಕೆಲಸ. ಕಡಲಂಚಿನ ರಸ್ತೆಯಲ್ಲಿ ತಿರುವುಗಳು, ಊರುಗಳು, ಎದುರಿನ ವಾಹನಕ್ಕೆ ದಾರಿ ಬಿಟ್ಟು ನಿಲ್ಲಬೇಕಾದ ಕಿರಿದಾದ ಜಾಗಗಳು ಎಲ್ಲ ಸೇರಿ ಸರಾಸರಿ ವೇಗ ಗಂಟೆಗೆ 40 ಕಿಲೋಮೀಟರಿಗೆ ಇಳಿಯುವುದು ಸಾಮಾನ್ಯ. ಆಗ ದಿನಕ್ಕೆ ಆರು ಗಂಟೆಗಿಂತ ಹೆಚ್ಚು ಕಾಲ ಚಕ್ರದ ಹಿಂದೆ ಕುಳಿತಿರಬೇಕಾಗುತ್ತದೆ. ಹಾಗೆ ಓಡಿಸುವವರು ಕಡಲನ್ನು ನೋಡುವುದಿಲ್ಲ, ರಸ್ತೆಯನ್ನಷ್ಟೇ ನೋಡುತ್ತಾರೆ. ಇನ್ನೊಂದು ತುದಿಯ ಉದಾಹರಣೆ ನಾರ್ವೆಯ ‘ಅಟ್ಲಾಂಟಿಕ್ ರಸ್ತೆ’. 1989ರಲ್ಲಿ ಸಂಚಾರಕ್ಕೆ ತೆರೆದ ಈ ರಸ್ತೆ ಸಣ್ಣ ಸಣ್ಣ ನಡುಗಡ್ಡೆಗಳ ಮೇಲೆ ಎಂಟು ಸೇತುವೆಗಳ ಮೂಲಕ ಹಾಯುತ್ತದೆ. ಇಡೀ ಉದ್ದ ಎಂಟು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಅದನ್ನು ನೋಡಲೆಂದೇ ದೂರದಿಂದ ಜನ ಬರುತ್ತಾರೆ. ಕರಾವಳಿ ರಸ್ತೆಯ ಸೊಗಸಿಗೂ ಅದರ ಉದ್ದಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಾನು ಅನುಸರಿಸುವ ಅಳತೆ ಇದು: ದಿನಕ್ಕೆ 100ರಿಂದ 120 ಕಿಲೋಮೀಟರ್, ಅದಕ್ಕಿಂತ ಹೆಚ್ಚಿಲ್ಲ. ನಾಲ್ಕು ದಿನವಾದರೆ 400 ಕಿಲೋಮೀಟರ್. ನಕ್ಷೆಯಲ್ಲಿ ಕಾಣುವ ಈ ದೂರಕ್ಕೆ ಕಾಲುಭಾಗ ಸೇರಿಸಿಕೊಳ್ಳಿ. ದೀಪಸ್ತಂಭದತ್ತ ಒಳಗೆ ಹೋಗುವ ಅಡ್ಡರಸ್ತೆ, ಅಳಿವೆ ಅಡ್ಡ ಬಂದಾಗ ಸೇತುವೆಯವರೆಗಿನ ಸುತ್ತು, ತಂಗುವ ಜಾಗ ಹುಡುಕುವ ಓಡಾಟ ಇವೆಲ್ಲ ಆ ಕಾಲುಭಾಗದೊಳಗೆ ಬರುತ್ತವೆ. ಹಾಗಾಗಿ 400 ಎಂಬುದು 500 ಆಗುತ್ತದೆ. ನಿಮ್ಮ ಕಾರು ಲೀಟರಿಗೆ 15 ಕಿಲೋಮೀಟರ್ ಕೊಡುತ್ತದೆಂದರೆ ಬೇಕಾಗುವ ಇಂಧನ ಸುಮಾರು 33 ಲೀಟರ್. ಮನೆಯಿಂದ ಕರಾವಳಿಗೆ ಹೋಗಿಬರುವ ದೂರವನ್ನು ಇದಕ್ಕೆ ಬೇರೆಯಾಗಿ ಕೂಡಿಸಬೇಕು. ಎಷ್ಟೋ ಜನ ಇದನ್ನು ಮರೆತು, ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಕೊನೆಯ ದಿನ ತಲೆ ಕೆರೆದುಕೊಳ್ಳುತ್ತಾರೆ. ಆ ದೂರವೇ ಪ್ರವಾಸದ ದೂರಕ್ಕಿಂತ ಹೆಚ್ಚಾಗುವುದಾದರೆ ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಕರಾವಳಿಯವರೆಗೆ ಹೋಗಿ, ಅಲ್ಲಿ ವಾಹನವನ್ನು ಬಾಡಿಗೆಗೆ ಪಡೆಯುವುದು ಅಗ್ಗವೇ ಎಂದು ಒಮ್ಮೆ ನೋಡಿಕೊಳ್ಳಿ.

ಯಾವ ತುದಿಯಿಂದ ಹೊರಡಬೇಕು

ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಆದರೆ ಪ್ರವಾಸದ ಅರ್ಧ ಸುಖ ಇದರ ಮೇಲೆ ನಿಂತಿದೆ. ಕಡಲು ನಿಮ್ಮ ವಾಹನ ಓಡುವ ಮಗ್ಗುಲಲ್ಲೇ ಇರುವಂತೆ ದಿಕ್ಕನ್ನು ಆರಿಸಿಕೊಳ್ಳಬೇಕು. ಎಡಗಡೆ ವಾಹನ ಓಡಿಸುವ ದೇಶದಲ್ಲಿ ಕಡಲು ಎಡಕ್ಕಿರಬೇಕು, ಬಲಗಡೆ ಓಡಿಸುವ ದೇಶದಲ್ಲಿ ಬಲಕ್ಕಿರಬೇಕು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ‘ಗ್ರೇಟ್ ಓಷನ್ ರೋಡ್’ ದಕ್ಷಿಣದ ಕಡಲಿಗೆ ಅಂಟಿಕೊಂಡು 243 ಕಿಲೋಮೀಟರ್ ಸಾಗುತ್ತದೆ. ಅಲ್ಲಿ ಎಡಗಡೆ ಓಡಿಸುವ ಕ್ರಮವಿರುವುದರಿಂದ ಪೂರ್ವದಿಂದ ಪಶ್ಚಿಮಕ್ಕೆ ಹೋದವರಿಗೆ ಕಡಲು ಮಗ್ಗುಲಲ್ಲೇ ಸಿಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಡಲು ಪಶ್ಚಿಮಕ್ಕಿದೆ, ವಾಹನಗಳು ಬಲಗಡೆ ಓಡುತ್ತವೆ. ಆದ್ದರಿಂದ ಅಲ್ಲಿನ ‘ಹೈವೇ 1’ರಲ್ಲಿ ಉತ್ತರದಿಂದ ದಕ್ಷಿಣಕ್ಕೆ ಬರಬೇಕು. ಐರ್ಲೆಂಡಿನ ಪಶ್ಚಿಮ ತೀರದಲ್ಲಿ ಇದು ತಿರುಗುಮುರುಗಾಗಿ, ದಕ್ಷಿಣದಿಂದ ಉತ್ತರಕ್ಕೆ ಹೋಗುವುದು ಸರಿಯಾದ ದಿಕ್ಕಾಗುತ್ತದೆ.

ಇದರ ಲಾಭ ನೋಟಕ್ಕಷ್ಟೇ ಸೀಮಿತವಲ್ಲ. ನಿಂತು ನೋಡಲೆಂದು ಮಾಡಿರುವ ಜಾಗಗಳು ಹೆಚ್ಚಾಗಿ ಕಡಲ ಬದಿಯಲ್ಲೇ ಇರುತ್ತವೆ. ಸರಿಯಾದ ದಿಕ್ಕಿನಲ್ಲಿ ಬಂದವರು ಸಿಗ್ನಲ್ ಹಾಕಿ ಮೆಲ್ಲಗೆ ಒಳಗೆ ಹೊರಳಿದರೆ ಸಾಕು. ಎದುರು ದಿಕ್ಕಿನಿಂದ ಬಂದವರು ತಿರುವಿನಾಚೆಯಿಂದ ಬರುವ ವಾಹನ ಕಾಣದ ಜಾಗದಲ್ಲಿ ರಸ್ತೆಯನ್ನು ಅಡ್ಡ ದಾಟಬೇಕು, ಹೊರಡುವಾಗ ಮತ್ತೊಮ್ಮೆ ದಾಟಬೇಕು. ಅದರ ಅಂಜಿಕೆಯಿಂದಲೇ ಎಷ್ಟೋ ಒಳ್ಳೆಯ ಜಾಗಗಳನ್ನು ನಿಲ್ಲಿಸದೆ ದಾಟಿಬಿಡುತ್ತಾರೆ. ಹೋದ ದಾರಿಯಲ್ಲೇ ಹಿಂತಿರುಗಬೇಕಾದ ಪ್ರವಾಸವಾದರೆ ಹೋಗುವಾಗ ಒಳನಾಡಿನ ವೇಗದ ರಸ್ತೆಯಲ್ಲಿ ಒಂದೇ ಉಸಿರಿಗೆ ಕೊನೆಯ ತುದಿಯನ್ನು ಮುಟ್ಟಿ, ಬರುವಾಗ ಕಡಲಂಚಿನಲ್ಲಿ ನಿಧಾನವಾಗಿ ಬನ್ನಿ. ಹೀಗೆ ಮಾಡಿದರೆ ಪ್ರತಿದಿನವೂ ನೀವು ಮನೆಗೆ ಹತ್ತಿರವಾಗುತ್ತಿರುತ್ತೀರಿ. ಕೊನೆಯ ದಿನದ ದಣಿದ ದೂರದ ಓಟ ತಪ್ಪುತ್ತದೆ.

ಹೊತ್ತು, ತಿಥಿ, ಋತು

ಜನ ಮುಗಿಬೀಳುವ ತಿಂಗಳಿಗೂ ಬಾಗಿಲು ಮುಚ್ಚುವ ತಿಂಗಳಿಗೂ ನಡುವೆ ಎಲ್ಲ ಕರಾವಳಿಗಳಲ್ಲೂ ಕೆಲವು ವಾರಗಳಿರುತ್ತವೆ. ಶಾಲೆಗಳ ರಜೆ ಮುಗಿದಿರುತ್ತದೆ, ಹವೆ ಇನ್ನೂ ಕೆಟ್ಟಿರುವುದಿಲ್ಲ, ಕೊಠಡಿಗಳ ದರ ಇಳಿದಿರುತ್ತದೆ. ಹಣ ಉಳಿಸುವ ಉಪಾಯಗಳಲ್ಲೆಲ್ಲ ಇದು ದೊಡ್ಡದು. ದಿನಾಂಕ ಬದಲಿಸಲು ಆಗದವರು ವಾರದ ನಡುವಿನ ದಿನಗಳನ್ನಾದರೂ ಆರಿಸಿಕೊಳ್ಳಲಿ. ಶನಿವಾರದ ರಾತ್ರಿಯ ತಂಗುವಿಕೆಯನ್ನು ಹೆಸರಾದ ಊರಿನಲ್ಲಿ ಇಟ್ಟುಕೊಳ್ಳದಿದ್ದರೆ ಅಷ್ಟರಮಟ್ಟಿಗೆ ಉಳಿತಾಯ.

ಋತುವಿನ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ಉಬ್ಬರವಿಳಿತದ ಬಗ್ಗೆ ಯೋಚಿಸುವವರು ಕಡಿಮೆ. ಬಹಳ ದಿನಗಳಿಂದ ಅಂದುಕೊಂಡಿದ್ದ ಒಂದು ತೀರಕ್ಕೆ ನಾನು ಒಮ್ಮೆ ನಡುಮಧ್ಯಾಹ್ನ ಹೋದೆ. ಮೆಟ್ಟಿಲಿಳಿದು ನೋಡಿದರೆ ಮರಳೇ ಇಲ್ಲ. ಕೊನೆಯ ನಾಲ್ಕು ಮೆಟ್ಟಿಲುಗಳ ಮೇಲೆ ನೀರು ಹತ್ತಿ ಇಳಿಯುತ್ತಿತ್ತು, ಬಂಡೆಗಳ ತಲೆ ಮಾತ್ರ ಕಾಣುತ್ತಿತ್ತು. ಅದೇ ಜಾಗಕ್ಕೆ ಸಂಜೆ ಮತ್ತೆ ಹೋದಾಗ ಅರ್ಧ ಕಿಲೋಮೀಟರಿನಷ್ಟು ಮರಳು ತೆರೆದುಕೊಂಡಿತ್ತು, ಬಂಡೆಗಳ ಕುಳಿಗಳಲ್ಲಿ ನಿಂತ ನೀರಿನಲ್ಲಿ ಸಣ್ಣ ಏಡಿಗಳು ಓಡಾಡುತ್ತಿದ್ದವು. ನಡುವೆ ಆಗಿದ್ದು ಆರು ಗಂಟೆಯ ಅಂತರವಷ್ಟೇ. ಹೆಚ್ಚಿನ ಕರಾವಳಿಗಳಲ್ಲಿ ಸುಮಾರು 24 ಗಂಟೆ 50 ನಿಮಿಷಗಳಲ್ಲಿ ಎರಡು ಉಬ್ಬರ, ಎರಡು ಇಳಿತ ಬರುತ್ತವೆ. ಆ 50 ನಿಮಿಷವೇ ಮುಖ್ಯ: ಇಂದು ಸಂಜೆ ನಾಲ್ಕಕ್ಕೆ ಇಳಿತವಿದ್ದರೆ ನಾಳೆ ನಾಲ್ಕು ಐವತ್ತಕ್ಕೆ, ನಾಲ್ಕನೆಯ ದಿನ ಆರೂವರೆಯ ಹೊತ್ತಿಗೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬರುವುದರಿಂದ ಉಬ್ಬರ ಹೆಚ್ಚು ಮೇಲೇರುತ್ತದೆ, ಇಳಿತ ಹೆಚ್ಚು ಕೆಳಗಿಳಿಯುತ್ತದೆ. ಅಷ್ಟಮಿಯ ಸುಮಾರಿಗೆ ಎರಡರ ನಡುವಿನ ಅಂತರ ತಗ್ಗುತ್ತದೆ. ಆಯಾ ಬಂದರಿನ ಉಬ್ಬರವಿಳಿತದ ಪಟ್ಟಿ ಪುಕ್ಕಟೆಯಾಗಿ ಸಿಗುತ್ತದೆ. ಅದನ್ನು ಮುಂದಿಟ್ಟುಕೊಂಡು, ನಡೆದಾಡುವ ತೀರಗಳನ್ನು ಇಳಿತದ ಹೊತ್ತಿಗೂ ಬಂಡೆಗೆ ಅಲೆ ಬಡಿಯುವ ಜಾಗಗಳನ್ನು ಉಬ್ಬರದ ಹೊತ್ತಿಗೂ ಹೊಂದಿಸಿ ದಿನದ ಪಟ್ಟಿ ಬರೆದುಕೊಳ್ಳಿ. ಬಂಡೆಯ ಮೂಗನ್ನು ಸುತ್ತಿ ಪಕ್ಕದ ತೀರಕ್ಕೆ ನಡೆಯುವ ಆಸೆಯಿದ್ದರೆ ಇಳಿತದ ಹೊತ್ತಿಗೆ ಒಂದೂವರೆ ಗಂಟೆ ಮುಂಚೆ ಹೊರಟು, ನೀರು ತಿರುಗುವ ಮೊದಲೇ ವಾಪಸು ಬಂದಿರಬೇಕು. ಹಿಂದಿನ ದಾರಿ ಮುಳುಗಿ ಸಿಕ್ಕಿಬೀಳುವುದು ಎಲ್ಲ ದೇಶಗಳ ಕರಾವಳಿಗಳಲ್ಲೂ ನಡೆಯುವ ಅಪಾಯ.

ಬೆಳಕಿನ ವಿಷಯ ಸರಳ. ಪೂರ್ವಕ್ಕೆ ಮುಖ ಮಾಡಿದ ತೀರಕ್ಕೆ ಬೆಳಗ್ಗೆ, ಪಶ್ಚಿಮಕ್ಕೆ ಮುಖ ಮಾಡಿದ ತೀರಕ್ಕೆ ಸಂಜೆ. ಸೂರ್ಯ ಮುಳುಗಲು ಇನ್ನೆಷ್ಟು ಹೊತ್ತಿದೆ ಎಂದು ತಿಳಿಯಲು ಕೈಯನ್ನು ಪೂರ್ತಿ ಚಾಚಿ, ಬೆರಳುಗಳನ್ನು ಅಡ್ಡವಾಗಿ ಮಡಿಸಿ, ಕಿರುಬೆರಳನ್ನು ನೀರಿನ ಗೆರೆಯ ಮೇಲೆ ಕೂರಿಸಿ, ಸೂರ್ಯನ ಕೆಳಗೆ ಎಷ್ಟು ಬೆರಳು ಹಿಡಿಯುತ್ತವೆಂದು ಎಣಿಸಿ. ಒಂದು ಬೆರಳಿಗೆ ಹತ್ತರಿಂದ ಹದಿನೈದು ನಿಮಿಷ ಎಂಬುದು ಒರಟು ಲೆಕ್ಕ. ಭೂಮಧ್ಯರೇಖೆಯ ಹತ್ತಿರ ಸೂರ್ಯ ನೇರವಾಗಿ ಇಳಿಯುವುದರಿಂದ ಇನ್ನೂ ಬೇಗ ಮುಳುಗುತ್ತಾನೆ. ಸೂರ್ಯನನ್ನು ನೇರವಾಗಿ ದಿಟ್ಟಿಸದೆ ಇದನ್ನು ಮಾಡಬೇಕು. ಮುಂದಿನ ಊರಿಗೆ ಕತ್ತಲಾಗುವ ಮುನ್ನ ಸೇರಬಹುದೋ ಇಲ್ಲೇ ನಿಲ್ಲಬಹುದೋ ಎಂಬ ತೀರ್ಮಾನಕ್ಕೆ ನನಗೆ ಇದು ಎಷ್ಟೋ ಸಲ ನೆರವಾಗಿದೆ.

ವಾಹನ ಮತ್ತು ಇಂಧನ

ಚಿಕ್ಕ ಕಾರೇ ಸಾಕು. ಅಗ್ಗ ಎಂಬುದು ಒಂದು ಕಾರಣವಾದರೆ, ಕರಾವಳಿಯ ಹಳೆಯ ಊರುಗಳ ಓಣಿಗಳೂ ವಾಹನ ನಿಲ್ಲಿಸುವ ಜಾಗಗಳೂ ಇಕ್ಕಟ್ಟಾಗಿರುವುದು ಇನ್ನೊಂದು ಕಾರಣ. ಬಾಡಿಗೆಗೆ ಪಡೆಯುವವರು ದಿನದ ದರವನ್ನಷ್ಟೇ ನೋಡಿ ಮೋಸಹೋಗಬಾರದು. ಒಂದು ಊರಿನಲ್ಲಿ ಪಡೆದು ಇನ್ನೊಂದು ಊರಿನಲ್ಲಿ ಒಪ್ಪಿಸಿದರೆ ಹಾಕುವ ಶುಲ್ಕ, ದಿನಕ್ಕಿಷ್ಟೇ ಕಿಲೋಮೀಟರ್ ಎಂಬ ಮಿತಿ, ಎರಡನೆಯ ಚಾಲಕರಿಗೆ ತಗಲುವ ಹೆಚ್ಚುವರಿ ಹಣ, ಅಪಘಾತವಾದರೆ ವಿಮೆಯ ಹೊರಗೆ ನಾವೇ ಕೊಡಬೇಕಾದ ಮೊತ್ತ ಈ ನಾಲ್ಕನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಟ್ಯಾಂಕ್ ತುಂಬಿಸಿ ಕೊಟ್ಟು ತುಂಬಿಸಿಯೇ ವಾಪಸು ಪಡೆಯುವ ಕರಾರು ಗಿರಾಕಿಗೆ ಒಳ್ಳೆಯದು. ಕೀಲಿ ಕೈಗೆ ಬಂದ ಕೂಡಲೇ ಕಾರಿನ ನಾಲ್ಕೂ ಬದಿ, ಚಕ್ರದ ಅಂಚುಗಳು, ಗಾಜು, ಒಳಗಿನ ಸೀಟು, ಇಂಧನದ ಮುಳ್ಳು ಎಲ್ಲವನ್ನೂ ಫೋನಿನಲ್ಲಿ ಚಿತ್ರೀಕರಿಸಿಕೊಳ್ಳಿ. ಒಮ್ಮೆ ನಾನು ಮಾಡದ ಗೀರಿಗೆ ಹಣ ಕೇಳಿದಾಗ ಆ ಎರಡು ನಿಮಿಷದ ವಿಡಿಯೊ ನನ್ನನ್ನು ಉಳಿಸಿತು.

ಇಂಧನ ಉಳಿಸುವುದು ಕಾಲಿನ ಕೈಯಲ್ಲಿದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ 90 ಕಿಲೋಮೀಟರಿನಿಂದ 110ಕ್ಕೆ ಏರಿದರೆ ಆ ತಡೆ ಸುಮಾರು ಒಂದೂವರೆ ಪಟ್ಟಾಗುತ್ತದೆ. ಕರಾವಳಿ ತಲುಪುವವರೆಗಿನ ಹೆದ್ದಾರಿಯಲ್ಲಿ ಹೆಚ್ಚು ಇಂಧನ ಸುಡುವುದು ಹೀಗೆಯೇ. ಕಾರಿನ ನೆತ್ತಿಯ ಮೇಲೆ ಸಾಮಾನು ಕಟ್ಟುವುದೂ ಇದೇ ತಡೆಯನ್ನು ಹೆಚ್ಚಿಸುವುದರಿಂದ, ಒಳಗೆ ಹಿಡಿಯುವಷ್ಟೇ ಸಾಮಾನು ಒಯ್ಯುವುದು ಮೇಲು. ಟೈರಿನ ಗಾಳಿಯನ್ನು ಬೆಳಗ್ಗೆ ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ನೋಡಬೇಕು; ಓಡಿ ಬಿಸಿಯಾದ ಟೈರು ಹೆಚ್ಚಿನ ಒತ್ತಡ ತೋರಿಸಿ ದಾರಿ ತಪ್ಪಿಸುತ್ತದೆ. ಬೆಟ್ಟದಿಂದ ಕಡಲಿಗೆ ಇಳಿಯುವ ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಬಿಡುವುದು ಉಳಿತಾಯವೆಂದು ಹಲವರು ನಂಬಿದ್ದಾರೆ. ಅದು ತಪ್ಪು, ಅಪಾಯವೂ ಹೌದು. ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಇಂಧನದ ಪೂರೈಕೆಯೇ ನಿಲ್ಲುತ್ತದೆ, ಬ್ರೇಕ್ ಕೂಡ ಬಿಸಿಯಾಗುವುದಿಲ್ಲ.

ಜನವಸತಿ ವಿರಳವಾಗಿರುವ ತೀರಗಳಲ್ಲಿ ಬಂಕುಗಳ ನಡುವೆ ಬಹಳ ದೂರವಿರುತ್ತದೆ, ದರವೂ ಏರಿರುತ್ತದೆ. ಆದ್ದರಿಂದ ಅಂಥ ಭಾಗಕ್ಕೆ ಕಾಲಿಡುವ ಮೊದಲು, ದೊಡ್ಡ ಊರಿನಲ್ಲೇ ಟ್ಯಾಂಕ್ ತುಂಬಿಸಿ. ನಕ್ಷೆಯನ್ನೂ ಅಲ್ಲೇ ಫೋನಿಗೆ ಇಳಿಸಿಕೊಳ್ಳಿ. ಬಂಡೆಗಳ ಮರೆಯಲ್ಲಿ ಸಿಗ್ನಲ್ ಸಿಗುವ ಭರವಸೆಯಿಲ್ಲ.

ಕೆಲವು ಕಡೆ ವಾಹನವನ್ನು ಬಿಟ್ಟು ಹೋಗುವುದೇ ಜಾಣತನ. ಇಟಲಿಯ ಅಮಾಲ್ಫಿ ತೀರದ ರಸ್ತೆ ಎಷ್ಟು ಕಿರಿದೆಂದರೆ, ದಟ್ಟಣೆಯ ದಿನಗಳಲ್ಲಿ ನೋಂದಣಿ ಸಂಖ್ಯೆಯ ಕೊನೆಯ ಅಂಕಿ ಸಮವೋ ಬೆಸವೋ ಎಂಬುದನ್ನು ನೋಡಿ ಕಾರುಗಳನ್ನು ಬಿಡುವ ನಿಯಮವನ್ನೇ ತರಲಾಗಿದೆ. ಇಂಥ ಕಡೆ ಕಾರನ್ನು ಹೊರಗಿನ ಊರಿನಲ್ಲಿ ನಿಲ್ಲಿಸಿ ಬಸ್ಸು ಹತ್ತಿದರೆ ಪಾರ್ಕಿಂಗ್ ಹಣ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಓಡಿಸುವವರಿಗೂ ಕಿಟಕಿಯಾಚೆ ನೋಡುವ ಭಾಗ್ಯ ಸಿಗುತ್ತದೆ.

ತಂಗುವುದು, ತಿನ್ನುವುದು

ಕೊಠಡಿಯ ಕಿಟಕಿಯಿಂದ ಕಡಲು ಕಾಣಬೇಕೆಂದರೆ ಅದಕ್ಕೆ ಬೆಲೆ ಕೊಡಬೇಕು. ಇಡೀ ದಿನ ಕಡಲನ್ನೇ ನೋಡಿ ಬಂದವರಿಗೆ ರಾತ್ರಿ ಕಣ್ಣು ಮುಚ್ಚಿದ ಮೇಲೆ ಆ ಕಿಟಕಿಯಿಂದ ಏನು ಪ್ರಯೋಜನ? ತೀರದಿಂದ ಹತ್ತು ಹದಿನೈದು ಕಿಲೋಮೀಟರ್ ಒಳಗಿನ ಊರಿನಲ್ಲಿ, ಪ್ರವಾಸಿಗಳಿಗಿಂತ ಹೆಚ್ಚಾಗಿ ಕೆಲಸದ ಮೇಲೆ ಬಂದವರು ತಂಗುವ ಸಾದಾ ವಸತಿಗೃಹಗಳು ಸಾಮಾನ್ಯವಾಗಿ ಬಹಳ ಅಗ್ಗ. ಪ್ರತಿ ರಾತ್ರಿ ಹೊಸ ಊರು ಎಂಬ ಹಟವನ್ನೂ ಬಿಡಬೇಕು. ನಾಲ್ಕು ರಾತ್ರಿಗಳಿಗೆ ಎರಡು ನೆಲೆಗಳನ್ನು ಇಟ್ಟುಕೊಂಡು, ಒಂದೊಂದರಿಂದ ಎರಡು ದಿನ ಸುತ್ತಾಡಿದರೆ ಒಂದೇ ಕಡೆ ಎರಡು ರಾತ್ರಿಗೆ ದರ ಇಳಿಸಿ ಕೇಳಬಹುದು, ಸಾಮಾನು ಕಟ್ಟಿ ಬಿಚ್ಚುವ ಕಷ್ಟವಿಲ್ಲ, ತೊಳೆದು ಹಾಕಿದ ಬಟ್ಟೆ ಒಣಗುತ್ತದೆ. ಮೊದಲ ರಾತ್ರಿಯನ್ನೂ ಶನಿವಾರದ ರಾತ್ರಿಯನ್ನೂ ಮುಂಚೆಯೇ ಕಾಯ್ದಿರಿಸಿ, ಉಳಿದವನ್ನು ರದ್ದು ಮಾಡಲು ಅವಕಾಶವಿರುವ ಕರಾರಿನಲ್ಲಿ ಇಟ್ಟುಕೊಳ್ಳುವುದು ನನ್ನ ಕ್ರಮ.

ಡೇರೆ ಹಾಕುವವರು ಆಯಾ ದೇಶದ ಕಾನೂನನ್ನು ತಿಳಿದಿರಬೇಕು. ನಾರ್ವೆಯಲ್ಲಿ ಸಾಗುವಳಿಯಿಲ್ಲದ ನೆಲದಲ್ಲಿ, ಹತ್ತಿರದ ಮನೆಯಿಂದ ಕನಿಷ್ಠ 150 ಮೀಟರ್ ದೂರದಲ್ಲಿ ಡೇರೆ ಹಾಕುವ ಹಕ್ಕು ಎಲ್ಲರಿಗೂ ಇದೆ. ಸ್ಕಾಟ್ಲೆಂಡಿನಲ್ಲಿ 2003ರ ಭೂ ಸುಧಾರಣಾ ಕಾಯ್ದೆ ಇಂಥ ಹಕ್ಕನ್ನು ಕೊಟ್ಟಿದೆ, ಆದರೆ ಅದು ಮೋಟಾರು ವಾಹನಗಳಿಗೆ ಅನ್ವಯಿಸುವುದಿಲ್ಲ. ಇನ್ನೂ ಅನೇಕ ಕಡೆ ಕಾರಿನಲ್ಲಿ ರಾತ್ರಿ ಮಲಗಿದರೆ ದಂಡ ತೆರಬೇಕಾಗುತ್ತದೆ, ಆ ದಂಡ ಒಂದು ರಾತ್ರಿಯ ಕೊಠಡಿಯ ಬಾಡಿಗೆಯನ್ನು ಮೀರಬಹುದು. ಎಲ್ಲೇ ಡೇರೆ ಹಾಕಿದರೂ, ಒಣಮರಳಿನ ಮೇಲೆ ಕಾಣುವ ಪಾಚಿ ಕಸಗಳ ಗೆರೆಗಿಂತ ಸಾಕಷ್ಟು ಮೇಲೆ ಹಾಕಿ. ಹಿಂದಿನ ಉಬ್ಬರ ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ಆ ಗೆರೆ ತೋರಿಸುತ್ತದೆ.

ಊಟದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಬೆಳಗಿನ ತಿಂಡಿ ಮತ್ತು ಮಧ್ಯಾಹ್ನದ ಬುತ್ತಿ ಕೈಯಲ್ಲಿರಲಿ, ದಿನಕ್ಕೆ ಒಂದು ಊಟವನ್ನು ಮಾತ್ರ ಹೊರಗೆ, ಮನಸಾರೆ ಮಾಡಿ. ಕುಡಿಯುವ ನೀರಿನ ಎರಡು ಬಾಟಲಿಗಳನ್ನು ಹಿಂದಿನ ರಾತ್ರಿ ಗಟ್ಟಿಯಾಗಿಸಿ ತಂಪು ಪೆಟ್ಟಿಗೆಯಲ್ಲಿಟ್ಟರೆ ಮಂಜುಗಡ್ಡೆ ಕೊಳ್ಳಬೇಕಾಗಿಲ್ಲ, ಕರಗಿದ ಮೇಲೆ ಕುಡಿಯಲು ತಣ್ಣೀರೂ ಆಯಿತು. ಗಟ್ಟಿಯಾಗುವಾಗ ನೀರು ಹಿಗ್ಗುವುದರಿಂದ ಬಾಟಲಿಯನ್ನು ಕಂಠದವರೆಗೆ ತುಂಬಬೇಡಿ.

ಮುಚ್ಚಿದ ರಸ್ತೆ, ಕುಸಿಯುವ ಅಂಚು

ಕಡಲು ಪ್ರತಿದಿನ ನೆಲವನ್ನು ಕೊರೆಯುತ್ತಿರುವುದರಿಂದಲೇ ಕರಾವಳಿಯ ರಸ್ತೆಗಳು ಇಷ್ಟು ಚೆಲುವಾಗಿ ಕಾಣುತ್ತವೆ; ಅವು ಕುಸಿಯುವುದೂ ಅದೇ ಕಾರಣಕ್ಕೆ. ಕ್ಯಾಲಿಫೋರ್ನಿಯಾದ ಬಿಗ್ ಸರ್ ತೀರದಲ್ಲಿ 2017ರ ಮೇ ತಿಂಗಳಲ್ಲಿ ಗುಡ್ಡ ಜಾರಿ ‘ಹೈವೇ 1’ರ ಮೇಲೆ ಬಿತ್ತು, ರಸ್ತೆಯನ್ನು ಹೊಸದಾಗಿ ಕಟ್ಟಿ ತೆರೆದದ್ದು 2018ರ ಜುಲೈನಲ್ಲಿ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕಡಲು ಇರುವಲ್ಲಿ ಸುತ್ತಿ ಹೋಗುವ ದಾರಿ ನೂರಾರು ಕಿಲೋಮೀಟರ್ ಆಗಬಹುದು, ನಾಲ್ಕು ದಿನದ ಪ್ರವಾಸದ ಲೆಕ್ಕವೇ ತಲೆಕೆಳಗಾಗಬಹುದು. ಕಾಯ್ದಿರಿಸುವ ಮುನ್ನ ಒಮ್ಮೆ, ಹೊರಡುವ ಹಿಂದಿನ ದಿನ ಇನ್ನೊಮ್ಮೆ, ಆಯಾ ರಸ್ತೆ ಇಲಾಖೆಯ ಪ್ರಕಟಣೆಯನ್ನು ನೋಡಿ. ಒಟ್ಟು ಖರ್ಚಿನ ಹತ್ತನೆಯ ಒಂದು ಪಾಲನ್ನು ಇಂಥದ್ದಕ್ಕೆಂದೇ ಬೇರೆಯಾಗಿ ತೆಗೆದಿಡಿ.

ಬೇಲಿ ದಾಟಿ ಅಂಚಿಗೆ ಹೋಗಬಾರದೆಂದು ಎಲ್ಲೆಡೆ ಬರೆದಿರುತ್ತಾರೆ, ಅದನ್ನು ದಾಟುವವರೂ ಎಲ್ಲೆಡೆ ಇರುತ್ತಾರೆ. ಗ್ರೇಟ್ ಓಷನ್ ರೋಡ್ ಬದಿಯಲ್ಲಿ ಎರಡು ಕಮಾನುಗಳ ಸೇತುವೆಯಂತೆ ನಿಂತಿದ್ದ ಸುಣ್ಣಕಲ್ಲಿನ ಬಂಡೆಯೊಂದಿತ್ತು. 1990ರ ಜನವರಿಯಲ್ಲಿ ದಡದ ಕಡೆಯ ಕಮಾನು ಹಠಾತ್ತನೆ ಬಿದ್ದುಹೋಗಿ, ಆಚೆ ತುದಿಯಲ್ಲಿದ್ದ ಇಬ್ಬರು ಪ್ರವಾಸಿಗಳು ಕಡಲ ನಡುವೆ ಉಳಿದುಬಿಟ್ಟರು. ಅವರನ್ನು ಹೆಲಿಕಾಪ್ಟರಿನಲ್ಲಿ ಕರೆತರಬೇಕಾಯಿತು. ಅದೇ ರಸ್ತೆಯ ‘ಟ್ವೆಲ್ವ್ ಅಪಾಸಲ್ಸ್’ ಎಂಬ ಕಲ್ಲುಕಂಬಗಳಲ್ಲಿ ಒಂದು 2005ರಲ್ಲಿ ಕೆಲವೇ ಕ್ಷಣಗಳಲ್ಲಿ ಕುಸಿಯಿತು. ಮೇಲಿನಿಂದ ಗಟ್ಟಿಯಾಗಿ ಕಾಣುವ ಅಂಚಿನ ಕೆಳಗೆ ಎಷ್ಟು ಪೊಳ್ಳಾಗಿದೆ ಎಂಬುದು ಮೇಲೆ ನಿಂತವರಿಗೆ ತಿಳಿಯುವುದಿಲ್ಲ. ಈಜಲು ಇಳಿದಾಗ ಸೆಳವು ಒಳಗೆ ಎಳೆದರೆ ನೇರವಾಗಿ ದಡದತ್ತ ಹೋರಾಡಬೇಡಿ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳವಿನಿಂದ ಹೊರಬಂದ ಮೇಲೆ ದಡದ ಕಡೆ ತಿರುಗಬೇಕು.

ಪ್ರತಿದಿನದ ಸಣ್ಣ ಕೆಲಸವೊಂದಿದೆ. ಸಂಜೆಯ ಹೊತ್ತಿಗೆ ಮುಂಗಾಜಿನ ಮೇಲೆ ಉಪ್ಪಿನ ತೆಳು ಪರೆ ಕಟ್ಟಿರುತ್ತದೆ. ಹಗಲಿನಲ್ಲಿ ಕಾಣುವುದಿಲ್ಲ, ಎದುರಿನಿಂದ ಇಳಿಬಿಸಿಲು ಬಿದ್ದಾಗ ಇಡೀ ಗಾಜು ಹಾಲಿನಂತೆ ಬೆಳ್ಳಗಾಗುತ್ತದೆ. ಒಣ ವೈಪರ್ ಆಡಿಸಿದರೆ ಮರಳಿನ ಕಣಗಳು ಗಾಜಿಗೆ ಗೀರು ಹಾಕುತ್ತವೆ. ಒಂದು ಚೊಂಬು ಸಿಹಿನೀರು ಸುರಿದು, ಉಪ್ಪು ಕರಗಲು ಅರ್ಧ ನಿಮಿಷ ಬಿಟ್ಟು, ಹಳೆಯ ಹತ್ತಿ ಬಟ್ಟೆಯಿಂದ ಒರೆಸಿ. ಸ್ವಂತ ಕಾರಾದರೆ ಮನೆ ಮುಟ್ಟಿದ ಮರುದಿನವೇ ಅದರ ಅಡಿಭಾಗವನ್ನೂ ಚಕ್ರಗಳ ಒಳಬದಿಯನ್ನೂ ಸಿಹಿನೀರಿನಿಂದ ಚೆನ್ನಾಗಿ ತೊಳೆಸಿ. ಅಲ್ಲಿ ಉಳಿದ ಉಪ್ಪು ತಿಂಗಳುಗಟ್ಟಲೆ ಕಬ್ಬಿಣವನ್ನು ತಿನ್ನುತ್ತಿರುತ್ತದೆ. ಬಾಡಿಗೆಯದಾದರೆ ಒಪ್ಪಿಸುವ ಮೊದಲು ಕಾಲಡಿಯ ಮ್ಯಾಟುಗಳನ್ನು ಕೊಡವಿ, ಸೀಟಿನ ಸಂದಿನ ಮರಳನ್ನು ಗುಡಿಸಿ ತೆಗೆಯಿರಿ. ಮರಳು ಕಂಡರೆ ಶುಚಿಗೊಳಿಸುವ ಹಣವನ್ನು ಬೇರೆಯಾಗಿ ಹಾಕುವ ಕರಾರುಗಳೂ ಇರುತ್ತವೆ.